ಸಿಡ್ನಿ ಲಾನಿಯರನ ಎರಡು ಕವನಗಳಲ್ಲಿ ದೇಶೌಚಿತ್ಯ

ಕ್ಷೇಮೇಂದ್ರನು ಎಣಿಸಿದ ಔಚಿತ್ಯಪ್ರಭೇದಗಳಲ್ಲಿ ದೇಶೌಚಿತ್ಯವೂ ಒಂದು. ಆ ದೃಷ್ಟಿಯಿಂದ ಪರೀಕ್ಷಿಸಲು ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಆಗ್ನೇಯಭಾಗದ ಜಾರ್ಜಿಯಾದಲ್ಲಿ ಹುಟ್ಟಿದ ಸಿಡ್ನಿ ಲಾನಿಯರನ (1842–1881) ಕವನಗಳು ಅತ್ಯಂತ ಯೋಗ್ಯವಾದುವು. ಈತನಲ್ಲಿ ನಾದವೇ ಹೆಚ್ಚು, ಅರ್ಥ ಕಡಮೆ ಎಂಬ ಆಕ್ಷೇಪವು ಹಳೆಯದು. ಅವನ ಎರಡು ಪ್ರಸಿದ್ಧ ಕವನಗಳಿಗೂ ಅದು ಸಮವಾಗಿ ಸಲ್ಲುವುದೇ ಎಂಬುದು ವಿಚಾರಾರ್ಹ.

ಮೊದಲು ನಾಡಿನ ಸ್ವರೂಪವನ್ನು ತಿಳಿಯಬೇಕು. ಜಾರ್ಜಿಯಾದ ಭೂಮಿಯನ್ನು ಐದು ಭಾಗಗಳಾಗಿ ವಿಂಗಡಿಸುವುದು ವಾಡಿಕೆ. ವಾಯವ್ಯದ ಮೂಲೆಯಲ್ಲಿ ಅಪಲಾಚಿಯನ್ ಪ್ರಸ್ಥಭೂಮಿಯೂ, ಅದರ ಪಕ್ಕದಲ್ಲಿ ಸುಣ್ಣಕಲ್ಲು ಮರಳುಗಲ್ಲುಗಳ ಪದರಗಳು ಮಡಿಕೆಬಿದ್ದು ಆದ ಕಣಿವೆ ದಿಣ್ಣೆಗಳ ಸೀಮೆಯೂ ಇವೆ. ಈಶಾನ್ಯದಲ್ಲಿ ಬ್ಲೂ ರಿಡ್ಜ್ ಪರ್ವತಗಳು. ಅವುಗಳಲ್ಲಿ ಬ್ರಾಸ್‌ಟೌನ್ ಬಾಲ್ಡ್ ಶಿಖರದ ಎತ್ತರ 4,784 ಅಡಿ. ಇವುಗಳ ದಕ್ಷಿಣಕ್ಕೆ ಪುರಾತನ ಶಿಲೆಗಳ ಪೀಡ್‌ಮಾಂಟ್. ಅದರಾಚೆ, ಸಂಸ್ಥಾನದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ವ್ಯಾಪಿಸಿದ ತೀರಬಯಲು. ಗಟ್ಟಿ ಶಿಲೆಯು ಮುಗಿದು ಸಡಿಲವಾದ ಮಣ್ಣು ಮರಳುಗಳು ಮೊದಲಾಗುವೆಡೆಯಲ್ಲಿ ನದಿಗಳು ಧುಮುಕುವುದರಿಂದ ಆ ಗಡಿಗೆ ಪ್ರಪಾತರೇಖೆಯೆಂದು ಹೆಸರು. ಕೊಲಂಬಸ್, ಮೇಕನ್, ಆಗಸ್ಟಾ ಪಟ್ಟಣಗಳು ಬೆಳೆದುದು ಈ ರೇಖೆಯ ಮೇಲೆಯೇ. ಕವಿಯು ಹುಟ್ಟಿದುದು ಮೇಕನ್ನಿನಲ್ಲಿ.

1877ರ ‘ಚಟಾಹೂಚಿಯ ಹಾಡಿ’ನಲ್ಲಿ ನದಿಯೇ ಮಾತನಾಡುತ್ತದೆ. ಹೇಬರ್‌ಷಾಮಿನ ಬೆಟ್ಟಗಳಿಂದ ಹಾಲ್ ಸೀಮೆಯ ಕಣಿವೆಗಳಿಗೆ ಇಳಿಯುವಾಗ ಗಿಡಮರಗಳೂ ಹೊಳೆವ ಕಲ್ಲುಗಳೂ ತಡೆಯುತ್ತವೆ. ಆದರೂ ಬಯಲಿನ ಹೊಲಗಳನ್ನು ತಣಿಸಿ ಗಿರಣಿಗಳನ್ನು ತಿರುಗಿಸುವ ಕರ್ತವ್ಯವು ಕರೆಯುತ್ತಿದೆಯೆಂದು ಅದು ಓಡುತ್ತದೆ. ವಿವರಗಳು ಸುಳ್ಳಲ್ಲ. ಬೆಣಚುಕಲ್ಲು, ಗಾರ್ನೆಟ್ಟುಗಳು ಆ ಶಿಲೆಗಳಲ್ಲಿ ದೊರೆಯತಕ್ಕವೇ. ಕೊಲಂಬಸ್ಸಿನ ಗಿರಣಿಗಳು ಆ ನದಿಯ ಧುಮುಕಿನಿಂದಲೇ ನಡೆದುವು. ದೋಷವಿರುವುದು ಶಿಲೆಯನ್ನು ಕೇವಲ ಪ್ರಲೋಭನವನ್ನಾಗಿ ಮಾಡಿದುದರಲ್ಲಿ. ಬ್ರೆವರ್ಡ್ ಎಂಬ ಪ್ರಾಚೀನ ಭ್ರಂಶವಲಯವನ್ನು ಅನುಸರಿಸಿಯೇ ಚಟಾಹೂಚಿ ಬಹುದೂರ ನೈಋತ್ಯಕ್ಕೆ ಹರಿಯುತ್ತದೆ. ಅದಕ್ಕೆ ದಾರಿಯಿತ್ತುದೇ ಶಿಲೆ. ತಡೆಯುವುದೂ ನಡೆಸುವುದೂ ಒಂದೇ ಎಂಬ ಅರ್ಥವು ನೆಲದಲ್ಲಿಯೇ ಇದ್ದರೂ ಕವನವು ಅದನ್ನು ಕಾಣಲಿಲ್ಲ. ಆದುದರಿಂದ ನೀತಿಯು ನದಿಯೊಳಗಿಂದ ಹುಟ್ಟದೆ ಮೇಲಿನಿಂದ ಹೊದಿಸಿದಂತಾಯಿತು.

1878ರ ‘ಗ್ಲಿನ್ನಿನ ಜವುಗುಗಳ’ ರೀತಿ ಬೇರೆ. ಜಾರ್ಜಿಯಾದ ಕರಾವಳಿಯು ಒಳಬಾಗಿರುವುದರಿಂದ ಉಬ್ಬರದ ನೀರು ಅಲ್ಲಿ ಒತ್ತಟ್ಟಿಗೆ ಸೇರಿ 6ರಿಂದ 9 ಅಡಿಗಳವರೆಗೆ ಏರುತ್ತದೆ. ತಡೆದ್ವೀಪಗಳ ಮರೆಯಲ್ಲಿ ಕೆಸರು ನಿಂತು, ಉಪ್ಪುನೀರನ್ನು ಸಹಿಸುವ ಹುಲ್ಲು ಮೈಲಿಗಟ್ಟಲೆ ಹಬ್ಬಿದೆ. ಕವನದ ನಡೆಯೂ ಇದೇ. ಓಕ್ ಮರಗಳ ಮಬ್ಬಿನಿಂದ ಹೊರಟು, ಬಯಲಾದ ಜವುಗಿಗೆ ಬಂದು, ದೀರ್ಘವಾದ ಪಂಕ್ತಿಗಳಲ್ಲಿ ಹರಡಿ, ಉಬ್ಬರದೊಡನೆ ಏರಿ, ರಾತ್ರಿಯ ನೀರಿನ ಆಳವನ್ನು ಕುರಿತ ವಿಸ್ಮಯದಲ್ಲಿ ನಿಲ್ಲುತ್ತದೆ. ಇಲ್ಲಿ ನಾದವು ಅರ್ಥವನ್ನು ನುಂಗಲಿಲ್ಲ. ನೆಲದ ವಿಸ್ತಾರವೇ ನಾದವಾಗಿದೆ.

ಕವಿಯು ಭೂವಿಜ್ಞಾನಿಯಾಗಬೇಕೆ ಎಂದು ಕೇಳಬಹುದು. ಬೇಕಿಲ್ಲ. ಪ್ರಮಾದವಿಲ್ಲದ ವಿವರಗಳು ಮೊದಲನೆಯ ಕವನದಲ್ಲಿಯೂ ಇವೆ. ಅಷ್ಟರಿಂದಲೇ ಔಚಿತ್ಯವು ಸಿದ್ಧಿಸಲಿಲ್ಲ. ಸ್ಥಳವು ಭಾವವನ್ನು ಹೊರುವುದೇ ಇಲ್ಲವೇ ಎಂಬುದೇ ಒರೆಗಲ್ಲು.

1950ರ ದಶಕದಲ್ಲಿ ಬ್ಯೂಫರ್ಡ್ ಅಣೆಕಟ್ಟು ಎದ್ದು, ಹಾಲ್ ಸೀಮೆಯ ಕಣಿವೆಗಳ ಬಹುಭಾಗವು ಜಲಾಶಯದಲ್ಲಿ ಮುಳುಗಿತು. ಜಲಾಶಯಕ್ಕೆ ಲಾನಿಯರನದೇ ಹೆಸರು. ಅಟ್ಲಾಂಟಾ ಪ್ರದೇಶಕ್ಕೆ ಕುಡಿಯುವ ನೀರನ್ನೂ ವಿದ್ಯುತ್ತನ್ನೂ ಒದಗಿಸುವ ನದಿಯು ಇಂದು ತನ್ನ ಕರ್ತವ್ಯವನ್ನು ನಡೆಸುತ್ತಿರುವುದು ನಿಂತೇ. ಪಾಠ ಹೇಳುವವರು ಇದನ್ನು ಹಾಡಿನ ಜೊತೆಯಲ್ಲಿಟ್ಟು ತೋರಿಸಿದರೆ, ಓಟವೊಂದನ್ನೇ ಧರ್ಮವೆಂದ ಅದರ ನೀತಿಯು ಎಷ್ಟು ಕಿರಿದೆಂಬುದು ವಿದ್ಯಾರ್ಥಿಗಳಿಗೆ ಸ್ಪಷ್ಟವಾದೀತು. ಜವುಗಿನ ಕವನಕ್ಕೆ ಅಂತಹ ತಿದ್ದುಪಡಿ ಬೇಕಾಗುವುದಿಲ್ಲ.