ಶೀರ್ಷಿಕೆಯ ತಪ್ಪು ವಿಳಾಸ

ದಕ್ಷಿಣ ಆಫ್ರಿಕದ ಪತ್ರಿಕೆಗಳು ಇಂದಿಗೂ ‘ಲೈಫ್ ಎಸಿಡಿಮೆನಿ ದುರಂತ’ ಎಂದೇ ಬರೆಯುತ್ತಿವೆ. ಈ ಹೆಸರನ್ನು ತುಸು ಪರಿಶೀಲಿಸಬೇಕು. ಎಸಿಡಿಮೆನಿ ಎಂದರೆ ಜುಲು ಭಾಷೆಯಲ್ಲಿ ಘನತೆಯ ತಾಣ. ಸರ್ಕಾರದ ವೆಚ್ಚದಲ್ಲಿ ಮನೋರೋಗಿಗಳನ್ನು ಸಲಹುತ್ತಿದ್ದ ಖಾಸಗಿ ಸಂಸ್ಥೆಯದು ಆ ಹೆಸರು. 2015ರಲ್ಲಿ ಗೌಟೆಂಗ್ ಪ್ರಾಂತದ ಆರೋಗ್ಯ ಇಲಾಖೆಯು ಮಿತವ್ಯಯದ ಕಾರಣ ಹೇಳಿ ಒಪ್ಪಂದವನ್ನು ಮುರಿಯಿತು. ಸಾವಿರಕ್ಕೂ ಮಿಕ್ಕ ರೋಗಿಗಳನ್ನು ಹೊರಡಿಸಿ, ಬಹುಮಂದಿಯನ್ನು ಸಕ್ರಮ ಪರವಾನಗಿಯೂ ಇಲ್ಲದ ಸೇವಾಸಂಸ್ಥೆಗಳಿಗೆ ಸಾಗಿಸಿತು. ಹಸಿವು, ನೀರಡಿಕೆ, ಅಲಕ್ಷ್ಯಗಳಿಗೆ ಅವರು ಬಲಿಯಾದದ್ದು ಅಲ್ಲಿಗೆ ಹೋದ ಮೇಲೆ, ಎಸಿಡಿಮೆನಿಯಲ್ಲಲ್ಲ.

ಪತ್ರಿಕೆಗಳು ಸತ್ತವರ ಲೆಕ್ಕವನ್ನಂತೂ ಬಿಡದೆ ಬೆನ್ನಟ್ಟಿದವು. 2016ರ ಸೆಪ್ಟೆಂಬರಿನಲ್ಲಿ ಪ್ರಾಂತದ ಆರೋಗ್ಯ ಸಚಿವೆ ಒಪ್ಪಿದ್ದು 36. 2017ರ ಫೆಬ್ರುವರಿಯಲ್ಲಿ ಆರೋಗ್ಯ ಲೋಕಪಾಲರ ವರದಿಯಲ್ಲಿ 94. ಮರುವರ್ಷದ ಮಧ್ಯಸ್ಥಿಕೆಯ ತೀರ್ಪಿನಲ್ಲಿ 144. ಇದು ಮೆಚ್ಚತಕ್ಕದ್ದೇ. ಆದರೆ ಆ ಹೆಸರು, ಹೊರದೂಡಿದವರನ್ನು ಮರೆಮಾಡಿ, ಅನ್ನವಿಟ್ಟ ಮನೆಯ ಬಾಗಿಲಿಗೆ ಸಾವನ್ನು ತಂದಿಡುತ್ತದೆ. ‘ದುರಂತ’ವೆಂಬುದಾದರೂ ಏನು? ಭೂಕಂಪಕ್ಕೂ ಪ್ರವಾಹಕ್ಕೂ ಸಲ್ಲುವ ಮಾತು! ಇಲ್ಲಿ ಕಡತವಿತ್ತು, ಸಹಿಯಿತ್ತು, ಕುಟುಂಬದವರ ಎಚ್ಚರಿಕೆಯೂ ಇತ್ತು. 2024ರ ಜುಲೈಯಲ್ಲಿ ನ್ಯಾಯಾಲಯವು ಒಂಬತ್ತು ಮಂದಿಯ ಸಾವಿಗೆ ಆ ಮಾಜಿ ಸಚಿವೆ ಹಾಗೂ ಮಾನಸಿಕ ಆರೋಗ್ಯ ವಿಭಾಗದ ಮಾಜಿ ಮುಖ್ಯಸ್ಥೆಯ ನಡವಳಿಕೆಯೇ ಕಾರಣವೆಂದು ಹೇಳಿತು. ಆ ತೀರ್ಪಿನ ಸುದ್ದಿಯೂ ಅದೇ ಹಳೆಯ ಹೆಸರಿನಲ್ಲೇ ಅಚ್ಚಾಯಿತು.