ಮುಖವಿಲ್ಲದ ಹೆಂಗಸು ಮತ್ತು ಹಳೇ ಕಾರ್ಟೂನಿನ ಹಳಹಳಿಕೆ

ಈಚಿನ ಕೆಲವು ವರ್ಷಗಳಿಂದ ನಮ್ಮ ಸುಶಿಕ್ಷಿತ ಗೆಳೆಯರ ನಡುವೆ ಒಂದು ಹೊಸ ನಮೂನೆಯ ಗೋಳು ಶುರುವಾಗಿದೆ. ಕಾರ್ಟೂನ್ ನೆಟ್‌ವರ್ಕ್ ಎಂಬ ಮಕ್ಕಳ ವಾಹಿನಿ ಸತ್ತುಹೋಯಿತು ಅಂತ ಗೋಳು. 2022ರಲ್ಲಿ ಅಮೆರಿಕದ ಎರಡು ದೊಡ್ಡ ಕಂಪನಿಗಳು ಕೂಡಿಕೊಂಡು ವಾರ್ನರ್ ಬ್ರದರ್ಸ್ ಡಿಸ್ಕವರಿ ಆದಾಗ ಮೊದಲನೇ ಅಳು ಎದ್ದಿತು. 2023ರಲ್ಲಿ ಬರ್ಬ್ಯಾಂಕಿನ ಸ್ಟುಡಿಯೋ ಕಟ್ಟಡ ಮುಚ್ಚಿತು, ಎರಡನೇ ಅಳು. 2024ರ ಆಗಸ್ಟಿನಲ್ಲಿ ಅದರ ಜಾಲತಾಣ ಮುಚ್ಚಿತು, ಮೂರನೆಯದು. ಈ ಮೂರು ಸಲವೂ ವಾಹಿನಿ ತನ್ನ ಪಾಡಿಗೆ ತಾನು ನಡೆದೇ ಇತ್ತು. ಹೆಣ ಎದ್ದು ಕೂತು ಕಾಫಿ ಕುಡೀತಿರುವಾಗ ತಿಥಿಯೂಟಕ್ಕೆ ಎಲೆ ಹಾಕಿದ ಹಾಗೆ. ಇರಲಿ. ಅತ್ತವರೆಲ್ಲ ಬರೆದದ್ದು ಒಂದೇ ಮಾತು: ನಮ್ಮ ಬಾಲ್ಯ ಹೋಯಿತು. ಈ 'ನಮ್ಮ' ಅನ್ನೋ ಪದದ ಮೇಲೆ ನಮ್ಮ ತಕರಾರು.

ಅಳುವವರನ್ನು ಅಣಕಿಸುವುದು ನಮ್ಮ ಉದ್ದೇಶವಲ್ಲ. ಆ ಕಾರ್ಟೂನುಗಳನ್ನು ನಾವೂ ನೋಡಿದ್ದೇವೆ, ನಕ್ಕಿದ್ದೇವೆ. ಆದರೆ ನೋಡಿದ ಜಾಗ ಬೇರೆ. ತೊಂಬತ್ತರ ದಶಕದ ಕೊನೆಯಲ್ಲಿ ಊರಿಗೆ ಕೇಬಲ್ಲು ಬಂದಾಗ ಆ ಕರೀ ವೈರು ಊರ ಬೀದಿ ದಾಟಿ, ಮಾರಿಗುಡಿ ದಾಟಿ, ಕೇರಿಯ ಮೊದಲ ಕಂಬಕ್ಕೆ ಬಂದು ನಿಂತುಬಿಟ್ಟಿತ್ತು. ನೀರಿನ ಪೈಪೂ ಅಲ್ಲೇ ನಿಂತಿತ್ತು, ಡಾಂಬರೂ ಅಲ್ಲೇ ನಿಂತಿತ್ತು, ಆದ್ದರಿಂದ ನಮಗೇನೂ ಆಶ್ಚರ್ಯವಾಗಲಿಲ್ಲ. ನಮ್ಮವ್ವ ಕೆಲಸಕ್ಕೆ ಹೋಗುತ್ತಿದ್ದ ದೊಡ್ಡಮನೆಯ ಹಿತ್ತಲ ಕಡೆಯ ಕಿಟಕಿ ನಮ್ಮ ಟಾಕೀಸು. ಸರಳು ಹಿಡಿದು ನಾಲ್ಕೈದು ಹುಡುಗರು ನಿಲ್ಲುತ್ತಿದ್ವಿ. ಒಳಗಿನ ಮಕ್ಕಳು ಸೋಫಾ ಮೇಲೆ. ಒಳಗಿನವರ ತಲೆ ಅಡ್ಡ ಬಂದರೆ ಅರ್ಧ ಚಿತ್ರ, ಬರದಿದ್ದರೆ ಪೂರ್ತಿ ಚಿತ್ರ. ಕಿಟಕಿ ಮುಚ್ಚಿದರೆ ಶಬ್ದ ಮಾತ್ರ.

ಈಗ ಈ ವಾಹಿನಿಯ ಚರಿತ್ರೆಯನ್ನೇ ಸ್ವಲ್ಪ ಕೆದಕಿ ನೋಡೋಣ. ಹಳಹಳಿಸುವವರು ಅದನ್ನೊಂದು ಮುಗ್ಧತೆಯ ತವರು ಅಂತ ಬರೆಯುತ್ತಾರೆ. ಅಟ್ಲಾಂಟಾದ ಟೆಡ್ ಟರ್ನರ್ ಎಂಬ ಸಾಹುಕಾರ 1986ರಲ್ಲಿ ಎಂಜಿಎಂ ಸಿನಿಮಾ ಕಂಪನಿಯನ್ನು ಕೊಂಡ. ಸಾಲದ ಹೊರೆ ತಡೆಯಲಾರದೆ ಕೆಲವೇ ತಿಂಗಳಲ್ಲಿ ಬಹುಪಾಲನ್ನು ಮಾರಿಬಿಟ್ಟ. ಮಾರದೆ ಉಳಿಸಿಕೊಂಡದ್ದು ಹಳೇ ರೀಲುಗಳ ಉಗ್ರಾಣವನ್ನು. 1991ರಲ್ಲಿ 32 ಕೋಟಿ ಡಾಲರಿಗೆ ಹ್ಯಾನಾ-ಬಾರ್ಬೆರಾ ಕಂಪನಿಯೂ ಅವನ ಪಾಲಾಯಿತು. ಈ ಉಗ್ರಾಣಗಳಲ್ಲಿ ಬಿದ್ದಿದ್ದ ಸರಕನ್ನು ದಿನಕ್ಕೆ ಇಪ್ಪತ್ತನಾಲ್ಕು ಗಂಟೆ ತಿರುಗಿಸಿ ಕಾಸು ಮಾಡುವ ಉಪಾಯವೇ 1992ರ ಅಕ್ಟೋಬರ್ 1ರಂದು ಶುರುವಾದ ಕಾರ್ಟೂನ್ ನೆಟ್‌ವರ್ಕ್. ಅಂದರೆ ಅದು ಹುಟ್ಟಿದ್ದೇ ಹಳೇ ಸರಕಿನ ಮೇಲೆ. ಫ್ಲಿಂಟ್‌ಸ್ಟೋನ್ಸ್ 1960ರದು, ಜೆಟ್ಸನ್ಸ್ 1962ರದು, ಟಾಮ್ ಅಂಡ್ ಜೆರಿ 1940ರಿಂದ. ಅಪ್ಪಂದಿರ ಬಾಲ್ಯವನ್ನು ಮಕ್ಕಳಿಗೆ ಮಾರಿದ ಅಂಗಡಿ ಅದು. 2000ದಲ್ಲಿ ಬೂಮರಾಂಗ್ ಅಂತ ಬರೀ ಹಳೆಯದಕ್ಕೇ ಇನ್ನೊಂದು ವಾಹಿನಿ ತೆರೆದರು. ಹಳಹಳಿಕೆ ಇವತ್ತು ನಮ್ಮ ಗೆಳೆಯರ ಎದೆಯಲ್ಲಿ ತಾನಾಗಿ ಹುಟ್ಟಿದ ಭಾವ ಅಂತ ಅವರು ತಿಳಿದಿದ್ದಾರೆ. ಅದು ಮೊದಲ ದಿನದಿಂದಲೂ ಕಂಪನಿಯ ಬಂಡವಾಳ.

ನ್ಯಾಯವಾಗಿ ಹೇಳಬೇಕೆಂದರೆ ಆಮೇಲೆ ಅವರು ಸ್ವಂತದ್ದನ್ನೂ ಮಾಡಿದರು. 1996ರ ಡೆಕ್ಸ್‌ಟರ್ಸ್ ಲ್ಯಾಬೊರೇಟರಿ, 1998ರ ಪವರ್‌ಪಫ್ ಗರ್ಲ್ಸ್, 1999ರ ಕರೇಜ್ ಎಂಬ ಹೇಡಿ ನಾಯಿಯ ಕತೆ. ಡೆಕ್ಸ್‌ಟರನ್ನು ಮಾಡಿದ ಗೆಂಡಿ ಟಾರ್ಟಕೋವ್‌ಸ್ಕಿ ಏಳರ ಪ್ರಾಯದಲ್ಲಿ ಮಾಸ್ಕೋದಿಂದ ವಲಸೆ ಬಂದ ಹುಡುಗ. ಎಲ್ಲರೂ ನಗುವ ಉಚ್ಚಾರಣೆಯಲ್ಲಿ ಮಾತಾಡುವ ಆ ಕುಳ್ಳ ವಿಜ್ಞಾನಿಯ ಒಳಗೆ ಪರಕೀಯನೊಬ್ಬನ ಸಂಕಟ ಇದೆ ಅಂತ ನಮಗೆ ಅನ್ನಿಸುತ್ತದೆ. ಕರೇಜ್ ಅಂತೂ ನಮ್ಮದೇ ನಾಯಿ. ಊರಾಚೆಯ ಒಂಟಿಮನೆ, ಕತ್ತಲು, ಹೆದರಿ ನಡುಗುತ್ತಲೇ ಮನೆಯವರನ್ನು ಕಾಯುವ ಕೆಲಸ, ಕಾಯ್ದದ್ದಕ್ಕೆ ಯಜಮಾನನಿಂದ ಬೈಗುಳ. ಇದನ್ನು ನಮಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಭಾರತಕ್ಕೆ ಈ ವಾಹಿನಿ ಬಂದದ್ದು 1995ರ ಮೇ 1ರಂದು, ಕಾರ್ಮಿಕರ ದಿನ ನೋಡ್ರಿ. ಹಗಲು ಕಾರ್ಟೂನು, ಕತ್ತಲಾದ ಮೇಲೆ ಟಿಎನ್‌ಟಿ ಹೆಸರಲ್ಲಿ ಹಳೇ ಇಂಗ್ಲಿಷ್ ಸಿನಿಮಾ. ಮೊದಲು ಬರೀ ಇಂಗ್ಲಿಷು. ಆಮೇಲೆ ಹಿಂದಿ, ತಮಿಳು, ತೆಲುಗು. ಆಗ ಕನ್ನಡ ಇರಲಿಲ್ಲ. ಯಾಕಿರಲಿಲ್ಲ ಅಂದರೆ ಅರವತ್ತರ ದಶಕದಿಂದ ಕನ್ನಡಕ್ಕೆ ಡಬ್ಬಿಂಗ್ ಬೇಡ ಅಂತ ಚಿತ್ರರಂಗ ಕಟ್ಟಿದ ಬೇಲಿ. ಅದಕ್ಕೊಂದು ಕಾನೂನೂ ಇರಲಿಲ್ಲ. ಆ ಬೇಲಿ ತಪ್ಪೆಂದು ಭಾರತದ ಸ್ಪರ್ಧಾ ಆಯೋಗ ಹೇಳಿದ್ದು 2015ರಲ್ಲಿ. ಕನ್ನಡದ ಕಲಾವಿದರ, ತಂತ್ರಜ್ಞರ ಅನ್ನ ಕಾಪಾಡಬೇಕು ಅನ್ನೋ ಕಾಳಜಿ ಅದರ ಹಿಂದೆ ಇತ್ತು, ಅದನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ ಮಕ್ಕಳ ಮಟ್ಟಿಗೆ ಆದದ್ದೇನು? ಬೇಲಿಯ ಪರವಾಗಿ ಭಾಷಣ ಮಾಡಿದವರ ಮಕ್ಕಳು ಕಾನ್ವೆಂಟಿಗೆ ಹೋಗಿ ಕಾರ್ಟೂನನ್ನು ಇಂಗ್ಲಿಷಿನಲ್ಲೇ ಅರ್ಥ ಮಾಡಿಕೊಂಡವು. ಸರ್ಕಾರಿ ಶಾಲೆಯಲ್ಲಿ ಅಆಇಈ ತಿದ್ದುತ್ತಿದ್ದ ನಮಗೆ ಡೆಕ್ಸ್‌ಟರನೂ ಮೂಕ, ಪವರ್‌ಪಫ್ ಹುಡುಗಿಯರೂ ಮೂಕರು. 2009ರಲ್ಲಿ ಚಿಂಟು ಟಿವಿ ಬಂದು ಕಾರ್ಟೂನು ಕನ್ನಡ ಮಾತಾಡುವ ಹೊತ್ತಿಗೆ ನಮ್ಮಲ್ಲಿ ಅರ್ಧ ಹುಡುಗರು ಗಾರೆ ಕೆಲಸಕ್ಕೆ ಹೋಗುತ್ತಿದ್ದರು. ಕನ್ನಡದ ಹೆಸರಿನಲ್ಲಿ ಕನ್ನಡ ಮಾತ್ರ ಬಲ್ಲವರನ್ನೇ ಹೊರಗಿಟ್ಟ ಈ ಸಂಗತಿ ಯಾವ ಹಳಹಳಿಕೆಯ ಲೇಖನದಲ್ಲೂ ಬರುವುದಿಲ್ಲ.

ಹಾಗಾಗಿ ಕಿಟಕಿಯಾಚೆಯ ನಮಗೆ ಉಳಿದದ್ದು ಟಾಮ್ ಅಂಡ್ ಜೆರಿ ಒಂದೇ. ಬೆಕ್ಕಿಗೂ ಇಲಿಗೂ ಮಾತಿಲ್ಲ. ಏಟು ಬಿದ್ದರೆ ಊದಿಕೊಳ್ಳುವ ತಲೆಗೆ ಯಾವ ಭಾಷೆ ಬೇಕು? ಸಣ್ಣವನು ದೊಡ್ಡವನಿಗೆ ಇಕ್ಕುವ ಆಟ, ಕಿಟಕಿ ಸರಳು ಹಿಡಿದು ಕುಣೀತಿದ್ವಿ.

ಆ ಚಿತ್ರಗಳಲ್ಲಿ ಮಾತಾಡುವ ಒಂದು ಜೀವ ಇತ್ತು. ಅದಕ್ಕೆ ಮುಖ ಇರಲಿಲ್ಲ.

ಹಳಬರಿಗೆ ನೆನಪಿರುತ್ತದೆ. ಒಬ್ಬ ದಪ್ಪ ಕಪ್ಪು ಹೆಂಗಸು. ಕಾಲು, ಜಾರಿದ ಕಾಲುಚೀಲ, ಸವೆದ ಚಪ್ಪಲಿ, ಏಪ್ರನ್ನು, ಕೈಯಲ್ಲಿ ಪೊರಕೆ. ಎದೆಯ ಮೇಲಕ್ಕೆ ಆಕೆಯನ್ನು ಚೌಕಟ್ಟು ಕತ್ತರಿಸಿಬಿಡುತ್ತಿತ್ತು. ಮ್ಯಾಮಿ ಟೂ ಶೂಸ್ ಅಂತ ಕರೆದರು. ಅದು ಹೆಸರಲ್ಲ, ಚಪ್ಪಲಿಯ ಗುರುತು. 1940ರ ಫೆಬ್ರವರಿ 10ರಂದು ಬಿಡುಗಡೆಯಾದ ಮೊದಲ ಚಿತ್ರ 'ಪುಸ್ ಗೆಟ್ಸ್ ದ ಬೂಟ್'ನಲ್ಲೇ ಆಕೆ ಇದ್ದಾಳೆ. ಅದೇ ಫೆಬ್ರವರಿ 29ರಂದು, ಅದೇ ಎಂಜಿಎಂ ಹಂಚಿದ 'ಗಾನ್ ವಿತ್ ದ ವಿಂಡ್' ಚಿತ್ರದಲ್ಲಿ ಮ್ಯಾಮಿಯ ಪಾತ್ರ ಮಾಡಿದ ಹ್ಯಾಟಿ ಮೆಕ್‌ಡೇನಿಯಲ್‌ಗೆ ಆಸ್ಕರ್ ಬಂತು. ಆಸ್ಕರ್ ಪಡೆದ ಮೊದಲ ಕಪ್ಪು ವ್ಯಕ್ತಿ ಆಕೆ. ಆ ರಾತ್ರಿ ಆಕೆಗೆ ತನ್ನ ಚಿತ್ರದ ಬಿಳಿಯರ ಜೊತೆ ಕೂರಲು ಬಿಡದೆ ಗೋಡೆ ಪಕ್ಕ ಬೇರೆ ಮೇಜು ಹಾಕಿದ್ದರು. ಪ್ರಶಸ್ತಿ ಕೊಡಬಹುದು, ಪಂಕ್ತಿಗೆ ಕೂರಿಸಲಾಗದು. ಈ ಸಂಪ್ರದಾಯ ನಮಗೆ ಹೊಸದಲ್ಲ. ಈ ಎರಡೂ ರೀಲುಗಳು ಕೊನೆಗೆ ಟರ್ನರನ ಒಂದೇ ಉಗ್ರಾಣಕ್ಕೆ ಬಂದವು.

ಆ ಮುಖವಿಲ್ಲದ ಹೆಂಗಸಿಗೆ ದನಿ ಕೊಟ್ಟವಳು ಲಿಲಿಯನ್ ರ‍್ಯಾಂಡಾಲ್ಫ್ ಎಂಬ ಕಪ್ಪು ನಟಿ. ದನಿ ಬೇಕು, ದುಡಿಮೆ ಬೇಕು, ಮುಖ ಬೇಡ. ಹಳಹಳಿಕೆಯವರು ಇದನ್ನು ಬರೀ ತಂತ್ರ ಅನ್ನುತ್ತಾರೆ, ಬೆಕ್ಕು ಇಲಿಗಳ ಎತ್ತರದಿಂದ ನೋಡಿದರೆ ಕಾಲೇ ತಾನೆ ಕಾಣೋದು ಅಂತ. ಆಕೆ ಆಳಲ್ಲ, ಮನೆಯೊಡತಿ ಅಂತ ವಾದಿಸುವವರೂ ಇದ್ದಾರೆ. ಒಡತಿಯೇ ಆಗಿದ್ದರೆ ಆ ಹರಕು ಕಾಲುಚೀಲ ಯಾಕೆ ಸ್ವಾಮಿ, ಸದಾ ಪೊರಕೆ ಯಾಕೆ, ಎಲ್ಲರೂ ನಗಲೆಂದೇ ತಿರುಚಿದ ಆ ಆಡುಮಾತು ಯಾಕೆ? 1950ರ 'ಸ್ಯಾಟರ್‌ಡೇ ಈವನಿಂಗ್ ಪುಸ್'ನಲ್ಲಿ ಮಾತ್ರ ಆಕೆ ಒಡವೆ ಹಾಕಿಕೊಂಡು, ಸಿಂಗರಿಸಿಕೊಂಡು, ಗೆಳತಿಯರ ಜೊತೆ ಇಸ್ಪೀಟಾಡಲು ಹೊರಡುತ್ತಾಳೆ. ಆ ರಾತ್ರಿ ಆಕೆ ಯಾರ ಆಳೂ ಅಲ್ಲ. ಮನೆಯ ಗಲಾಟೆ ತಿಳಿದು ಬಿರುಗಾಳಿಯಂತೆ ಓಡಿಬರುವಾಗ ಒಂದು ಕ್ಷಣ, ಕಣ್ಣು ಮಿಟುಕಿಸುವಷ್ಟು ಹೊತ್ತು, ಆಕೆಯ ಮುಖ ಪರದೆ ಮೇಲೆ ಹಾದುಹೋಗುತ್ತದೆ.

ಅಮೆರಿಕದ ಕಪ್ಪು ಜನರ ಸಂಘಟನೆ ಎನ್‌ಎಎಸಿಪಿ ಈ ಬಗೆಯ ಚಿತ್ರಣದ ವಿರುದ್ಧ ದನಿಯೆತ್ತಿತು. 1946ರಲ್ಲಿ ಬಾಬಾಸಾಹೇಬರು ಪತ್ರ ಬರೆದದ್ದು ಆಗ ಇದೇ ಸಂಘಟನೆಯಲ್ಲಿದ್ದ ಡುಬಾಯ್ಸ್ ಅವರಿಗೆ. ಅಸ್ಪೃಶ್ಯರ ಪಾಡಿಗೂ ಅಮೆರಿಕದ ಕರಿಯರ ಪಾಡಿಗೂ ಇರುವ ಹೋಲಿಕೆಯನ್ನು ಎತ್ತಿ ಹೇಳಿದ ಪತ್ರ ಅದು. ಆದ್ದರಿಂದ ಇದು ಯಾರದೋ ದೂರದ ಜಗಳ ಅಂತ ನಾವು ಕೈತೊಳೆದುಕೊಳ್ಳುವಂತಿಲ್ಲ. 1952ರ 'ಪುಷ್-ಬಟನ್ ಕಿಟ್ಟಿ' ಆಕೆಯ ಕೊನೆಯ ಚಿತ್ರ. ಅದರಲ್ಲಿ ಆಕೆ ಬೆಕ್ಕಿನ ಬದಲು ಯಂತ್ರದ ಬೆಕ್ಕು ತರಿಸುತ್ತಾಳೆ. ಆಮೇಲೆ ಆಕೆಯೇ ನಾಪತ್ತೆ.

ಮುಂದಿನದು ಇನ್ನೂ ವಿಚಿತ್ರ. ಅರವತ್ತರ ದಶಕದಲ್ಲಿ ಟಿವಿಗೆಂದು ಆ ಚಿತ್ರಗಳನ್ನು ತಿದ್ದಿದರು. ಕಪ್ಪು ಕಾಲನ್ನು ಬಿಳಿ ಮಾಡಿದರು, ಬಿಳಿಯ ನಟಿಯ ದನಿ ಹಾಕಿದರು. ಇಸ್ಪೀಟಿಗೆ ಹೊರಟಿದ್ದ ನಮ್ಮ ದಪ್ಪ ಹೆಂಗಸಿನ ಜಾಗದಲ್ಲಿ ತೆಳ್ಳಗಿನ ಬಿಳೀ ಹುಡುಗಿ ಕುಣಿಯಲು ಹೋದಳು. ಒಂದೇ ಒಂದು ರಾತ್ರಿಯ ಬಿಡುವು ಸಿಕ್ಕಿತ್ತು ಆಕೆಗೆ, ಅದನ್ನೂ ಕಸಿದುಕೊಂಡರು. ತೊಂಬತ್ತರಲ್ಲಿ ಟರ್ನರನ ಕಂಪನಿ ಕಪ್ಪು ಕಾಲನ್ನು ಹಾಗೇ ಇಟ್ಟು, ಥಿಯಾ ವಿಡಾಲ್ ಎಂಬ ಕಪ್ಪು ನಟಿಯಿಂದ ಬೇರೆ ಮಾತು ಆಡಿಸಿತು. ಇದನ್ನೆಲ್ಲ ಸುಧಾರಣೆ ಅಂತಾರೆ. ಊರಿನಲ್ಲಿ ಯಾರಾದರೂ ನಮ್ಮ ಹಟ್ಟಿಗೆ ಸುಣ್ಣ ಬಳಿಸಿ, ನಾಮಫಲಕಕ್ಕೆ ಹೊಸ ಹೆಸರು ಬರೆಸಿ, ಬಾವಿಗೆ ಮಾತ್ರ ಬಿಟ್ಟುಕೊಳ್ಳದಿದ್ದರೆ ಅದನ್ನೂ ಸುಧಾರಣೆ ಅನ್ನಬಹುದು.

ಇಷ್ಟೆಲ್ಲ ನಮಗೆ ಆಗ ತಿಳಿದಿರಲಿಲ್ಲ. ತಿಳಿದಿದ್ದು ಒಂದೇ. ಒಂದು ಸಂಜೆ ಟಾಮ್ ಅಂಡ್ ಜೆರಿ ಬರುತ್ತಿತ್ತು. ನಮ್ಮವ್ವ ಒಳಗೆ ಕಸ ಗುಡಿಸುತ್ತಾ ಟಿವಿ ಮುಂದೆ ಬಂದಳು. ಕಿಟಕಿ ತಗ್ಗಿನಲ್ಲಿತ್ತು. ಪರದೆಯ ಮೇಲೆ ಒಂದು ಜೊತೆ ಕಪ್ಪು ಕಾಲು, ಪೊರಕೆ. ಪರದೆಯ ಮುಂದೆ ಇನ್ನೊಂದು ಜೊತೆ ಕಪ್ಪು ಕಾಲು, ಪೊರಕೆ. ಸೋಫಾ ಮೇಲಿದ್ದ ಹುಡುಗ "ಏಯ್, ಆಚೆ ಸರಿಯೇ" ಅಂತ ಕಿರುಚಿದ. ಅವನಿಗೆ ಏಳು ವರ್ಷ ಇದ್ದೀತು, ಅವ್ವನಿಗೆ ನಲವತ್ತು. ಅವ್ವ ಸರಿದಳು. ನಮ್ಮ ಜೊತೆ ಕಿಟಕಿಯಲ್ಲಿದ್ದ ಒಬ್ಬ ಕಿಸಕ್ಕನೆ ನಕ್ಕ. ನಾವೂ ನಕ್ಕೆವು. ಯಾವ ಕಾಲು ನೋಡಿ ನಕ್ಕೆವು ಅನ್ನೋದು ಇವತ್ತಿಗೂ ಬಗೆಹರಿದಿಲ್ಲ.

ಅಮೆರಿಕದ ಕತೆ ಬಿಡಿ, ದೇಶೀ ಕಾರ್ಟೂನು ಬಂತಲ್ಲ ಅನ್ನುವವರಿಗೆ ಒಂದು ಮಾತು. 2008ರಲ್ಲಿ ಪೋಗೋದಲ್ಲಿ ಬಂದ ಛೋಟಾ ಭೀಮನಲ್ಲಿ ಲಡ್ಡು ತಿಂದು ಗೆಲ್ಲುವ ಹುಡುಗ ಬೆಳ್ಳಗಿದ್ದಾನೆ. ಅವನೆದುರು ಪ್ರತಿ ಸಲ ಸೋಲಬೇಕಾದ ಪುಂಡನ ಹೆಸರು ಕಾಲಿಯಾ, ಅಂದರೆ ಕರಿಯ. ಹೈದರಾಬಾದಿನಲ್ಲಿ ಬರೆದ ಚಿತ್ರಕ್ಕೂ ಹಾಲಿವುಡ್ಡಿನಲ್ಲಿ ಬರೆದ ಚಿತ್ರಕ್ಕೂ ಬಣ್ಣದ ಡಬ್ಬಿ ಒಂದೇ ಅಂಗಡಿಯದು.

ಮಕ್ಕಳ ಟಿವಿಯ ಇನ್ನೊಂದು ಚರಿತ್ರೆಯೂ ಕರ್ನಾಟಕದಲ್ಲಿದೆ. ಅದಕ್ಕಾಗಿ ಅತ್ತವರನ್ನು ನಾವು ಕಂಡಿಲ್ಲ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಒಂದು ವರ್ಷ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಇಸ್ರೋ ಮತ್ತು ಸರ್ಕಾರ ಸೇರಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟಿವಿ ತಲುಪಿಸಿದವು. ಸೈಟ್ ಅಂತ ಅದರ ಹೆಸರು. ನಮ್ಮಲ್ಲಿ ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳು. ಕೋಳಿಗೂಡಿನ ಜಾಲರಿಯಿಂದ ಮಾಡಿದ ಹತ್ತಡಿ ಅಗಲದ ತಟ್ಟೆ, ಕೆಳಗೆ ಊರಿಗೆಲ್ಲ ಒಂದೇ ಪೆಟ್ಟಿಗೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಅದೂ ಕನ್ನಡದಲ್ಲಿ. ಬೆಂಗಳೂರಿಗೆ ಇನ್ನೂ ಟಿವಿ ಬಂದಿರಲಿಲ್ಲ, ಅಲ್ಲಿ ಕೇಂದ್ರ ಶುರುವಾದದ್ದು 1981ರಲ್ಲಿ. ಕಡುಬಡವರ ಸೀಮೆಯ ಮಕ್ಕಳು ರಾಜಧಾನಿಯ ಮಕ್ಕಳಿಗಿಂತ ಮೊದಲು ಟಿವಿ ನೋಡಿದ ಒಂದೇ ಸಂದರ್ಭ ಅದು.

ಇದನ್ನೂ ನಾವು ಹಾಡಿ ಹೊಗಳುವುದಿಲ್ಲ. ಅದು ತುರ್ತುಪರಿಸ್ಥಿತಿಯ ವರ್ಷ. ಸಂಜೆಯ ಕಾರ್ಯಕ್ರಮದಲ್ಲಿ ಸರ್ಕಾರದ ತುತ್ತೂರಿಯೂ ಊದುತ್ತಿತ್ತು. ರಾಯಚೂರು ಕಡೆಯ ಒಬ್ಬ ಹಿರಿಯ ಗೆಳೆಯರು ಹೇಳುತ್ತಾರೆ: "ಪೆಟಗಿ ಸಾಲ್ಯಾಗಿತ್ತು. ಹಿಂದಿನ ಸಾಲಿನ್ಯಾಗ ಕೂಡ್ರತಿದ್ವಿ. ಆದ್ರ ಒಳಗ ಕೂಡ್ರತಿದ್ವಿ." ಆ 'ಒಳಗ' ಅನ್ನೋ ಮಾತನ್ನು ಅವರು ಎರಡು ಸಲ ಹೇಳಿದರು. ಕರಾರು ಮುಗಿದ ಮೇಲೆ ಅಮೆರಿಕದವರು ಉಪಗ್ರಹವನ್ನು ಭಾರತದ ಆಕಾಶದಿಂದ ಸರಿಸಿಕೊಂಡರು. 1977ರಲ್ಲಿ ಗುಲಬರ್ಗಾದಲ್ಲಿ ಪ್ರಸಾರ ಕೇಂದ್ರ ಬಂತು, ಅದರ ಅಲೆ ಮುಟ್ಟುವಷ್ಟು ದೂರಕ್ಕೆ ಟಿವಿ ಉಳಿಯಿತು.

ಬಸವಲಿಂಗಪ್ಪನವರು 1973ರಲ್ಲಿ ಮೈಸೂರಿನಲ್ಲಿ ಬೂಸಾ ಎಂಬ ಒಂದು ಪದ ಆಡಿ ಮಂತ್ರಿಗಿರಿ ಕಳೆದುಕೊಂಡರು. ನಮ್ಮ ಬಳಿ ಕಳೆದುಕೊಳ್ಳಲು ಅಂಥದ್ದೇನೂ ಇಲ್ಲವಾದ್ದರಿಂದ ಧೈರ್ಯವಾಗಿ ಹೇಳುತ್ತೇವೆ: ಈಗ ಬರುತ್ತಿರುವ ಬಾಲ್ಯದ ಹಳಹಳಿಕೆಯ ಬರಹಗಳಲ್ಲಿ ಬಹುಪಾಲು ಬೂಸಾ. ಅವುಗಳಲ್ಲಿ ಸೋಫಾ ಇದೆ, ಹಾಲಿನ ಲೋಟ ಇದೆ, ಹೋಮ್‌ವರ್ಕ್ ಇದೆ. ಹಾಲು ಕಾಯಿಸಿದವಳು ಇಲ್ಲ.

ಈ ಲೇಖನಕ್ಕೆಂದು ಮೊನ್ನೆ 'ಸ್ಯಾಟರ್‌ಡೇ ಈವನಿಂಗ್ ಪುಸ್' ಚಿತ್ರವನ್ನು ಮೊಬೈಲಿನಲ್ಲಿ ಹಾಕಿ ನಮ್ಮವ್ವನಿಗೆ ತೋರಿಸಿದೆವು. ಬೆಕ್ಕು ಇಲಿ ನೋಡಿ ಆಕೆ ನಗಲಿಲ್ಲ, ಕಣ್ಣು ಮಂಜು ಅಂತ ಮೊಬೈಲನ್ನು ಹತ್ತಿರ ಹಿಡಿದುಕೊಂಡಳು. ಹೆಂಗಸು ಓಡಿಬಂದ ಕಡೆ ನಿಲ್ಲಿಸಿದೆವು, ಮುಖ ಸಿಗಲಿಲ್ಲ. ಹಿಂದೆ ತಿರುಗಿಸಿ ಮತ್ತೆ ನಿಲ್ಲಿಸಿದೆವು. ಮೂರನೇ ಸಲಕ್ಕೆ ಸಿಕ್ಕಿತು. ಅವ್ವ ಅದನ್ನೇ ನೋಡುತ್ತಾ ಸುಮಾರು ಹೊತ್ತು ಕೂತಳು. ಆಮೇಲೆ, "ಇಷ್ಟೊತ್ತಲ್ಲಿ ಮನ್ಗೆ ಓಡ್ಬಂದ್ಲಲ್ಲ, ಉಂಡಿದ್ಲಾ?" ಅಂದಳು.