ಹಳೇ ಫೋನ್ ಬಿಲ್ಲಿಗೆ ಕೋರ್ಟಿನ ಮೊಹರು

ಶಿರಾ ತಾಲ್ಲೂಕಿನ ಮದಲೂರು ಎಂದರೆ ಜನರಿಗೆ ನೆನಪಾಗುವುದು ಅಲ್ಲಿನ ಕೆರೆ, ಅದಕ್ಕೆ ಹರಿಯಬೇಕಾದ ಹೇಮಾವತಿ ನೀರು. ಇಂಥ ಊರುಗಳಿಗೆ ಅಂಚೆಯಲ್ಲಿ ಬರುವ ಇನ್ನೊಂದು ಸಂಗತಿ ಅಷ್ಟಾಗಿ ಚರ್ಚೆಗೆ ಬರುವುದಿಲ್ಲ. ಎಂದೋ ಸತ್ತುಹೋದ ಲ್ಯಾಂಡ್‌ಲೈನಿಗೋ, ಬಿಸಾಕಿದ ಸಿಮ್ಮಿಗೋ ಬಾಕಿ ಇದೆ, ಲೋಕ ಅದಾಲತ್‌ಗೆ ಹಾಜರಾಗಿ ಎನ್ನುವ ನೋಟಿಸು ಅದು.

ಆ ಬಾಕಿ ಹುಟ್ಟುವ ಬಗೆ ಸರಳ. ಲೈನು ಕೆಟ್ಟಿತು, ದೂರು ಕೊಟ್ಟರೂ ಯಾರೂ ಬರಲಿಲ್ಲ, ಅಷ್ಟರಲ್ಲಿ ಮನೆಗೆ ಮೊಬೈಲು ಬಂತು. ಫೋನು ಸರೆಂಡರ್ ಮಾಡುತ್ತೇನೆಂದು ಅರ್ಜಿ ಬರೆದುಕೊಡಬೇಕೆಂದು ಯಾರಿಗೆ ಹೊಳೆದೀತು? ಬಳಸದ ಫೋನಿಗೂ ಬಾಡಿಗೆ ಬೆಳೆಯಿತು. ಫೋನು ಹಾಕಿಸಿದ ತಂದೆ ತೀರಿಕೊಂಡಿರುತ್ತಾರೆ, ನೋಟಿಸು ಹಿಡಿದು ಓಡಾಡುವವನು ಮಗ.

ರಾಜಿಯಲ್ಲಿ ವ್ಯಾಜ್ಯ ಮುಗಿಸುವ ಲೋಕ ಅದಾಲತ್ ಒಳ್ಳೆಯ ಏರ್ಪಾಡು, ಅದರಲ್ಲಿ ನನಗೆ ಸಂಶಯವಿಲ್ಲ. ಕೋರ್ಟ್ ಶುಲ್ಕವಿಲ್ಲ, ವರ್ಷಗಟ್ಟಲೆ ಅಲೆದಾಟವಿಲ್ಲ. ಕಂಪನಿಯವರು ಒಂದಷ್ಟು ಬಿಡುತ್ತಾರೆ, ನಿಜವಾಗಿ ಬಾಕಿ ಇಟ್ಟವರಿಗೆ ಅದು ದೊಡ್ಡ ಅನುಕೂಲ. ಕೆಟ್ಟಿರುವುದು ಅಲ್ಲಿಗೆ ಕರೆಯುವ ರೀತಿ. ಮೇಲೆ ಮೊಹರು, ಕೆಳಗೆ ಮೊತ್ತ, ತಪ್ಪಿದರೆ ಕಾನೂನು ಕ್ರಮ ಎಂಬ ಸಾಲು. ಯಾವ ತಿಂಗಳ ಬಿಲ್ಲು, ಡಿಪಾಜಿಟ್ ಹಣ ಕಳೆದಿದ್ದಾರೋ ಇಲ್ಲವೋ ಎಂಬ ವಿವರ ಸಿಗುವುದಿಲ್ಲ. ಈ ರಾಜಿ ನಿಮ್ಮ ಒಪ್ಪಿಗೆಯಿದ್ದರೆ ಮಾತ್ರ ಎಂಬ ಮುಖ್ಯ ಮಾತೂ ಕಣ್ಣಿಗೆ ಬೀಳುವುದಿಲ್ಲ. ಫೋನ್ ಬಾಕಿ ಸಿವಿಲ್ ವಿಷಯ, ಅದಕ್ಕೆ ಜೈಲಿಲ್ಲ. ಆದರೆ ಮೊಹರು ಕಂಡ ರೈತ ಪೊಲೀಸರು ಬರುತ್ತಾರೆಂದೇ ಹೆದರುತ್ತಾನೆ, ಆ ಹೆದರಿಕೆಯಲ್ಲೇ ಸಹಿ ಹಾಕುತ್ತಾನೆ.

ಆ ಸಹಿಯ ಬೆಲೆ ದೊಡ್ಡದು. 1963ರ ಕಾಲಮಿತಿ ಕಾಯ್ದೆಯಂತೆ ಇಂಥ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ 3 ವರ್ಷವಷ್ಟೇ ಗಡುವು. ರಾಜಿ ಮೇಜಿನಲ್ಲಿ ಗಡುವು ಮುಗಿದಿದೆಯೇ ಎಂದು ಯಾರೂ ತೀರ್ಪು ಕೊಡಬೇಕಾಗಿಲ್ಲ. ಒಪ್ಪಿ ಸಹಿ ಮಾಡಿದರೆ 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಆ ರಾಜಿಯನ್ನು ಕೋರ್ಟಿನ ಡಿಕ್ರಿ ಎಂದೇ ಎಣಿಸುತ್ತದೆ, ಅದರ ಮೇಲೆ ಅಪೀಲಿಲ್ಲ. ಡಿಕ್ರಿ ಜಾರಿಗೆ 12 ವರ್ಷ ಕಾಲಾವಕಾಶ. ಗಡುವು ಮುಗಿದ ಬಾಕಿಗೆ ಹೀಗೆ ಮರುಜೀವ ಬರುವುದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಇನ್ನು ಇದೇ ಬಾಕಿಗಾಗಿ ಫೋನಿನಲ್ಲಿ ಗದರಿಸುವ ವಸೂಲಿಗಾರರು. ಮೈಕ್ರೋಫೈನಾನ್ಸ್ ಕಿರುಕುಳ ತಡೆಯಲು ರಾಜ್ಯ ಸರ್ಕಾರ 2025ರ ಫೆಬ್ರುವರಿಯಲ್ಲಿ ಸುಗ್ರೀವಾಜ್ಞೆ ತಂದಿತು: 10 ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಬೆಳಿಗ್ಗೆ 8ಕ್ಕೆ ಮುಂಚೆ, ಸಂಜೆ 7ರ ನಂತರ ಸಾಲಗಾರರಿಗೆ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕ್ 2022ರಲ್ಲೇ ಹೇಳಿದೆ. ಆದರೆ ಇವೆರಡೂ ಸಾಲ ಕೊಡುವ ಸಂಸ್ಥೆಗಳಿಗೆ. ಫೋನ್ ಬಿಲ್ಲು ಸಾಲವಲ್ಲ, ಹಾಗಾಗಿ ಅದರ ವಸೂಲಿಗೆ ಈ ಕಟ್ಟುಪಾಡು ತಾಗುವುದಿಲ್ಲ. ಈ ಸಂದು ಮುಚ್ಚಬೇಕು. ಒಂದು ಸಮಾಧಾನವೆಂದರೆ, ಫೋನ್ ಗ್ರಾಹಕರು ಗ್ರಾಹಕರ ನ್ಯಾಯಾಲಯಕ್ಕೆ ಹೋಗಬಹುದೆಂದು ಸುಪ್ರೀಂ ಕೋರ್ಟ್ 2022ರಲ್ಲಿ ಸ್ಪಷ್ಟಪಡಿಸಿದೆ. 2009ರ ತೀರ್ಪೊಂದರಿಂದ ಆ ಬಾಗಿಲು ಹೆಚ್ಚುಕಡಿಮೆ ಮುಚ್ಚಿಹೋಗಿತ್ತು.

ಹಾಗೆಂದು ನೋಟಿಸನ್ನು ಹರಿದು ಎಸೆಯುವುದೂ ಸರಿಯಲ್ಲ. ಖಾಯಂ ಲೋಕ ಅದಾಲತ್‌ನಿಂದ ಬಂದದ್ದಾದರೆ ಅಲ್ಲಿ ರಾಜಿಯಾಗದಿದ್ದರೂ ತೀರ್ಪು ಕೊಡುವ ಅಧಿಕಾರವಿದೆ, ದೂರವಾಣಿ ಸೇವೆ ಅದರ ವ್ಯಾಪ್ತಿಯಲ್ಲೇ ಬರುತ್ತದೆ. ಸಾಮಾನ್ಯ ಲೋಕ ಅದಾಲತ್‌ಗೂ ಖಾಯಂ ಲೋಕ ಅದಾಲತ್‌ಗೂ ಇರುವ ಈ ವ್ಯತ್ಯಾಸವನ್ನು ನೋಟಿಸಿನಲ್ಲೇ ಕನ್ನಡದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಿ, ಬಿಲ್ಲಿನ ಪ್ರತಿ ಲಗತ್ತಿಸದ ಅರ್ಜಿಗೆ ಮೊಹರೇ ಹಾಕಬೇಡಿ ಎಂದು ಕಾನೂನು ಸೇವಾ ಪ್ರಾಧಿಕಾರವನ್ನು ಕೇಳಿಕೊಳ್ಳುತ್ತೇನೆ. ಓದುಗರಲ್ಲಿ ಒಂದೇ ಮನವಿ: ನೋಟಿಸು ಬಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ ಕೇಳಿ, ಇಲ್ಲವೇ 15100ಕ್ಕೆ ಕರೆ ಮಾಡಿ. ಬಿಲ್ಲಿನ ವಿವರ ಕೈಗೆ ಬರುವವರೆಗೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.